ಹತ್ತು ದಿನದ ಬಿಡುಪು

ನನ್ನ ತಮ್ಮನ ಹೆಂಡತಿ ನಮ್ಮ ಕುಲದ ಕೂಟದಲ್ಲಿ ಎದ್ದು ನಿಂತು ಒಂದು ಮಾತು ಕೇಳಿದಳು. ಅವಳನ್ನು ಬಿಟ್ಟರೆ ಆ ಮಾತಿನ ಸರಿಯಾದ ಅರ್ಥ ಆ ಛತ್ರದಲ್ಲಿ ಗೊತ್ತಿದ್ದವನು ನಾನೊಬ್ಬನೇ. ನಾನು ಅದನ್ನು ಹೇಳಲಿಲ್ಲ. ನಾನು ಒಪ್ಪಿಕೊಳ್ಳಬೇಕಾದದ್ದು ಇಷ್ಟೇ. ಉಳಿದದ್ದು ಅದು ಹೇಗಾಯಿತು, ಅದರಿಂದ ಏನಾಯಿತು ಎಂಬ ವಿವರ.

ನಾವು ತಮಿಳುನಾಡಿನ ತೇನಿ ಕಡೆಯ ಕನ್ನಡದವರು. ಎಷ್ಟು ತಲೆಮಾರಿನ ಹಿಂದೆ ಇಲ್ಲಿಗೆ ಬಂದೆವೋ ಯಾರಿಗೂ ತಿಳಿಯದು. ಕಂಬಂ ಕಣಿವೆಯಲ್ಲಿ ತೋಟ ಇರುವವರು, ನಿಲಕ್ಕೋಟ್ಟೈ ಕಡೆ ಹೂ ಬೆಳೆಯುವವರು, ನನ್ನ ಹಾಗೆ ಬೋಡಿಯಲ್ಲಿ ಏಲಕ್ಕಿ ವ್ಯಾಪಾರ ಮಾಡಿದವರು, ಎಲ್ಲರೂ ವರ್ಷಕ್ಕೊಮ್ಮೆ ಪಂಗುನಿ ತಿಂಗಳಲ್ಲಿ, ಬಿಸಿಲು ಏರುವ ಹೊತ್ತಿಗೆ, ತೇನಿಯ ಛತ್ರದಲ್ಲಿ ಸೇರುತ್ತೇವೆ. ನಮ್ಮಲ್ಲಿ ವ್ಯಾಪಾರ ಮಾಡುವವರು ಮೂಟೆಗೆ ಇಷ್ಟು ಎಂದು ಕುಲದ ಹೆಸರಿನಲ್ಲಿ ತೆಗೆದಿಡುತ್ತಾರೆ. ಅದಕ್ಕೆ ಮಗಮೆ ಎನ್ನುತ್ತೇವೆ. ಛತ್ರ ಕಟ್ಟಿದ್ದು ಅದರಲ್ಲೇ. ಬಡ ಮಕ್ಕಳ ಓದಿಗೆ, ತಾಯಿತಂದೆ ಇಲ್ಲದ ಹುಡುಗಿಯರ ಮದುವೆಗೆ, ವರ್ಷದ ಊಟಕ್ಕೆ ಹೋಗುವುದೂ ಅದೇ. ಬಹಳ ವರ್ಷ ಆ ಮಗಮೆ ನನ್ನ ಕೈಯಲ್ಲಿತ್ತು. ಒಂದು ಕಾಸು ತಿಂದವನಲ್ಲ. ಇದನ್ನು ಹೇಳಿಕೊಳ್ಳುವುದರಲ್ಲಿ ಮೊದಲು ನನಗೊಂದು ಸುಖವಿತ್ತು, ಈಗ ಅಷ್ಟಿಲ್ಲ.

ಕೂಟಕ್ಕೆ ಒಂದು ಕಟ್ಟುಪಾಡಿದೆ. ಅಲ್ಲಿ ತಮಿಳು ಆಡಬಾರದು. ಆಡಿದವರು ದಂಡ ಕಟ್ಟಬೇಕು. ದಂಡ ಅರ್ಧ ತಮಾಷೆ, ಆದರೆ ಮಾತು ಬರದ ಹುಡುಗರು ಅದಕ್ಕೆ ಹೆದರಿ ಬಾಯಿ ಮುಚ್ಚಿಕೊಂಡು ಕೂರುತ್ತಾರೆ. ಮನೆಯಲ್ಲಿ ನಾವು ಆಡುವ ಕನ್ನಡದಲ್ಲಿ ಅರ್ಧ ತಮಿಳೇ. ಆದ್ದರಿಂದ ಕೂಟದ ದಿನ ಎಲ್ಲರೂ ನಾಲಿಗೆಯನ್ನು ಸೋಸಿಕೊಂಡು ಮಾತಾಡುತ್ತಾರೆ. ಒಂದು ಉಪಾಯ ಎಲ್ಲರಿಗೂ ಗೊತ್ತು: ತಮಿಳಿನ ವ ಬಂದ ಕಡೆ ಬ ಹಾಕಿದರೆ ಅನೇಕ ಸಲ ನಮ್ಮ ಮಾತಾಗುತ್ತದೆ. ಅವರ ವೇಲಿ ನಮಗೆ ಬೇಲಿ, ಅವರ ವಾಳೈ ನಮಗೆ ಬಾಳೆ.

ನಾನು ಓದಿದ್ದು ತಮಿಳು ಹೈಸ್ಕೂಲಿನಲ್ಲಿ. ಪ್ರಾಯದಲ್ಲಿ ಏಲಕ್ಕಿ ಕೊಳ್ಳಲು ಸಕಲೇಶಪುರಕ್ಕೆ ಹೋಗಿ ಕೆಲವು ವರ್ಷ ಇದ್ದೆ. ಅಂಗಡಿ ಬೋರ್ಡು ನೋಡಿ, ಪೇಪರು ಓದಿ ಅಲ್ಲಿ ಅಕ್ಷರ ಕಲಿತೆ. ಊರಿಗೆ ಬಂದ ಮೇಲೆ ಯಾವ ಮಾತು ನಮ್ಮದು, ಯಾವುದು ಅವರದು ಎಂದು ತೀರ್ಪು ಹೇಳುವವನು ನಾನೇ ಆದೆ. ನಮ್ಮ ಬೀದಿಯಲ್ಲಿ ಈ ಲಿಪಿ ಓದಬಲ್ಲವರು ಬೇರೆ ಯಾರೂ ಇಲ್ಲ. ಇದನ್ನು ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಅದೂ ಒಂದು ಕಾರಣವಿರಬಹುದು.

ನನ್ನ ತಮ್ಮ ಬೋಡಿಮೆಟ್ಟಿಗೆ ಜೀಪು ಓಡಿಸುತ್ತಿದ್ದ. ಬೆಳಿಗ್ಗೆ ಏಲಕ್ಕಿ ಬಿಡಿಸುವ ಹೆಂಗಸರನ್ನು ತುಂಬಿಕೊಂಡು ಘಟ್ಟ ಹತ್ತುವುದು, ಸಂಜೆ ಇಳಿಸಿಕೊಂಡು ಬರುವುದು. ಒಂದು ದಿನ ಖಾಲಿ ಜೀಪು ಇಳಿಸುವಾಗ ತಿರುವಿನಲ್ಲಿ ಮಗುಚಿತು. ಅಂದಿನಿಂದ ಸೊಂಟದ ಕೆಳಗೆ ಅವನಿಗೆ ಏನೂ ಇಲ್ಲ. ನಮ್ಮ ಮನೆ, ಅವನ ಮನೆ ಅಕ್ಕಪಕ್ಕ, ನಡುವೆ ಒಂದೇ ಗೋಡೆ. ಅವನ ಹೆಂಡತಿ ಅವನನ್ನು ಹೊರಳಿಸುವುದು, ಎತ್ತಿ ಗಾಲಿ ಕುರ್ಚಿಗೆ ಹಾಕುವುದು, ಮೂತ್ರದ ಚೀಲ ಬದಲಿಸುವುದು, ಬೆನ್ನು ಹುಣ್ಣಾಗದಂತೆ ಒರೆಸಿ ಪೌಡರು ಹಾಕುವುದು, ಇವೆಲ್ಲ ನಮಗೆ ಗೋಡೆಯ ಈ ಕಡೆ ಕೇಳಿಸುತ್ತಿತ್ತು. ಕೇಳಿ ಕೇಳಿ ಅದು ಗಿರಣಿಯ ಸದ್ದಿನ ಹಾಗೆ ಆಗಿಹೋಗಿತ್ತು. ಅವಳು ನಮ್ಮ ಮನೆಯ ಮದುವೆಗಳಿಗೂ ಬರುತ್ತಿರಲಿಲ್ಲ, ಬಂದರೆ ಊಟಕ್ಕೆ ಮೊದಲೇ ಓಡುತ್ತಿದ್ದಳು.

ದಿಂಡಿಗಲ್‌ನಿಂದ ಫಿಸಿಯೋಥೆರಪಿಯ ಹೆಂಗಸೊಬ್ಬಳು ವಾರಕ್ಕೊಮ್ಮೆ ಬಂದು ತಮ್ಮನ ಕಾಲು ಮಡಿಸಿ ಬಿಡಿಸಿ ಹೋಗುತ್ತಿದ್ದಳು. ಅವಳೇ ಇವಳಿಗೆ ಹೇಳಿದ್ದು. ನೋಡಿಕೊಳ್ಳುವವರಿಗೂ ರಜೆ ಬೇಕು. ಕೆಲವು ಕಡೆ ಅದಕ್ಕೆಂದೇ ಹಣ ಕೊಡುತ್ತಾರೆ, ಆಗ ಬೇರೆಯವರು ಬಂದು ನೋಡಿಕೊಳ್ಳುತ್ತಾರೆ, ಇವರು ಎಲ್ಲಾದರೂ ಹೋಗಿ ಇದ್ದು ಬರುತ್ತಾರೆ. ನಿಮ್ಮವರಲ್ಲಿ ಮಗಮೆ ಇದೆಯಂತಲ್ಲ, ಕೇಳಿ ನೋಡಿ ಎಂದಳು. "ಉಂಗಳುಕ್ಕುಂ ವಿಡುಪ್ಪು ವೇಣುಂ ಅಮ್ಮಾ." ವಿಡುಪ್ಪು ಎಂದರೆ ತಮಿಳಿನಲ್ಲಿ ರಜೆ. ಆಫೀಸಿನವರು ಹಾಕುವ ರಜೆ.

ನಮ್ಮಲ್ಲಿ ತಮ್ಮನ ಹೆಂಡತಿ ಬಾವನ ಎದುರು ನಿಂತು ಮಾತಾಡುವುದಿಲ್ಲ. ಹೇಳಬೇಕಾದ್ದನ್ನು ನನ್ನ ಹೆಂಡತಿಯ ಕಡೆ ತಿರುಗಿ ಹೇಳುತ್ತಾಳೆ, ನಾನು ಅಲ್ಲೇ ಕೂತಿದ್ದರೂ. ಅಂದೂ ಹಾಗೇ ಹೇಳಿದಳು.

"ಅಕ್ಕ, ಹತ್ತು ದಿವ್ಸ ನಮ್ಮಕ್ಕನ ಮನೆಗೆ ಓಗಿ ಇದ್ದು ಬರಬೇಕು ಅಂತ ಆಸೆ. ಇವರ್ನ ನೋಡ್ಕೊಳ್ಳೋಕೆ ಆಳು ಇಡೋಕೆ ಮಗಮೇಲಿ ಆಗ್ತದಾ ಅಂತ ಬಾವನ್ನ ಕೇಳು."

"ಕೂಟದಲ್ಲಿ ಕೇಳಲಿ ಅನ್ನು," ಎಂದೆ ನಾನು.

"ಕೂಟದಲ್ಲಿ ಕೇಳು ಅಂತಾರೆ," ಎಂದಳು ನನ್ನ ಹೆಂಡತಿ, ಅವಳಿಗೆ ಕಿವಿ ಕೇಳಿಸದು ಎಂಬಂತೆ ಜೋರಾಗಿ.

ಕೂಟದ ದಿನ ನನ್ನ ಹೆಂಡತಿ ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲೇ ಉಳಿದಳು, ಅವನ ಹೆಂಡತಿ ಬಂದು ಹೆಂಗಸರ ಕಡೆ ಕಂಬದ ಹಿಂದೆ ನಿಂತಳು. ತಮಿಳು ಆಡಬಾರದಲ್ಲ. ರಜೆ ಎನ್ನಲು ಅವಳಿಗೆ ಗೊತ್ತಿದ್ದದ್ದು ಆ ಒಂದೇ ಮಾತು, ವಿಡುಪ್ಪು. ಬೇಲಿ, ಬಾಳೆಯ ಹಾಗೆ ಅದಕ್ಕೂ ಬ ಹಾಕಿದಳು.

"ನಂಗೆ ಹತ್ತು ದಿವ್ಸ ಬಿಡುಪು ಬೇಕು."

ಬಿಡುಪು ಎಂಬುದು ನಮ್ಮಲ್ಲಿ ಮೊದಲೇ ಇರುವ ಮಾತು. ಗಂಡ ಹೆಂಡಿರನ್ನು ಕೂಟದ ಮುಂದೆ ಬೇರೆ ಮಾಡುವುದಕ್ಕೆ ಬಿಡುಪು ಎನ್ನುತ್ತಾರೆ. ಈಗ ಎಲ್ಲರೂ ಕೋರ್ಟಿಗೆ ಹೋಗುವುದರಿಂದ ಆ ಮಾತು ಮುದುಕರ ಬಾಯಲ್ಲಿ ಮಾತ್ರ ಉಳಿದಿದೆ. ಅವಳ ತವರಿನಲ್ಲಿ ಆ ಮಾತು ಇರಲಿಲ್ಲವಂತೆ. ಛತ್ರದಲ್ಲಿ ಕೂತಿದ್ದವರು ಬಹಳ ಮಂದಿ ಮುದುಕರೇ. ಕೂಟದ ಹಿರಿಯ, ನನಗೆ ದೂರದಲ್ಲಿ ಮಾವನಾಗಬೇಕಾದವನು, ಕೇಳಿದ:

"ಹತ್ತು ದಿವ್ಸಕ್ಕೆ ಮಾತ್ರ ಬಿಡುಪಾ ತಾಯಿ? ಹನ್ನೊಂದನೇ ದಿವ್ಸ ತಿರ್ಗಾ ತಾಳಿ ಕಟ್ಟಬೇಕಾ?"

ಛತ್ರ ಹಾರಿಹೋಗುವ ಹಾಗೆ ನಕ್ಕರು. ಹೆಂಗಸರೂ ನಕ್ಕರು. ಯಾರೋ ಒಬ್ಬ, "ತಾಳಿ ಕಟ್ಟೋಕೆ ಅವನು ಎದ್ದು ಕೂತ್ಕೊಬೇಕಲ್ಲಪ್ಪಾ," ಎಂದ. ಅದಕ್ಕೆ ಸ್ವಲ್ಪ ಕಡಿಮೆ ಮಂದಿ ನಕ್ಕರು.

ಮಾವ ನನ್ನ ಕಡೆ ತಿರುಗಿದ. "ಏನಪ್ಪಾ, ಸಕಲೇಶಪುರದ ಪಂಡಿತ. ನಿನ್ ಮನೆ ಹೆಣ್ಮಗಳೇ ಅಲ್ವಾ. ಅವಳ್ ಯೇಳಿದ್ದಕ್ಕೆ ಬೇರೆ ಏನಾರ ಅರ್ಥ ಐತಾ?"

ನನಗೆ ಗೊತ್ತಿತ್ತು. ಅವಳು ಬಾಯಿ ತೆರೆದ ಕೂಡಲೇ ವ ಹೇಗೆ ಬ ಆಯಿತೆಂಬುದು ಕಣ್ಣಿಗೆ ಕಟ್ಟಿದಂತೆ ತಿಳಿದಿತ್ತು. ಒಂದು ವಾಕ್ಯ ಸಾಕಿತ್ತು. ನಾನು ಹೇಳಿದ್ದು ಇದು:

"ಬಿಡುಪು ಅಂದ್ರೆ ಬಿಡುಪೇ."

ಮತ್ತೆ ನಕ್ಕರು. ಅವಳು ಕಂಬದ ಹಿಂದಿನಿಂದ ಹಾಗೇ ಚಪ್ಪಲಿ ಬಿಟ್ಟ ಕಡೆ ನಡೆದಳು. ಮಾವ ಮುಂದಿನ ವಿಷಯ ಎತ್ತಿಕೊಂಡ. ಛತ್ರಕ್ಕೆ ಹೊಸ ಪಾತ್ರೆ ಕೊಳ್ಳುವ ವಿಷಯ. ಅದು ಒಪ್ಪಿಗೆಯಾಯಿತು.

ಯಾಕೆ ಹಾಗೆ ಮಾಡಿದೆ ಎಂದು ಆಮೇಲೆ ಬಹಳ ಸಲ ಯೋಚಿಸಿದ್ದೇನೆ. ಕಾರಣಗಳು ದೊಡ್ಡವಲ್ಲ. ಹತ್ತು ದಿನ ಅವಳು ಹೋದರೆ ಬಂದ ಆಳಿಗೆ ಯಾವುದು ಎಲ್ಲಿದೆ ಎಂದು ತೋರಿಸಲು, ಆಳು ಬರದ ದಿನ ತಮ್ಮನನ್ನು ಎತ್ತಲು, ಒರೆಸಲು ಪಕ್ಕದ ಮನೆಯವನಾದ ನನ್ನನ್ನೇ ಕರೆಯುತ್ತಾರೆ. ನನಗೆ ಅವನ ಹುಣ್ಣು ನೋಡಲು ಆಗುತ್ತಿರಲಿಲ್ಲ. ಇದು ಒಂದು. ಮಗಮೆ ಇಟ್ಟುಕೊಂಡವನ ಮನೆಯವರೇ ಮಗಮೆಗೆ ಕೈಯೊಡ್ಡಿದರು ಎಂಬ ಮಾತು ಬರುತ್ತದೆ, ಇದು ಇನ್ನೊಂದು. ಮತ್ತೆ ಮೂರನೆಯದು, ಎಲ್ಲರೂ ನಗುತ್ತಿದ್ದರು, ನಗಿಸಿದವನು ನಾನಾಗುವ ಅವಕಾಶ ಎದುರಿಗಿತ್ತು. ಈ ಮೂರರಲ್ಲಿ ಯಾವುದು ಮೊದಲು ಬಂತೋ ಹೇಳಲಾರೆ.

ತಮ್ಮನಿಗೆ ಸುದ್ದಿ ತಲುಪಿಸಿದವರು ಯಾರೋ ಗೊತ್ತಿಲ್ಲ. ನಿನ್ನ ಹೆಂಡತಿ ಕೂಟದಲ್ಲಿ ಬಿಡುಪು ಕೇಳಿದಳು ಎಂದಷ್ಟೇ ಹೇಳಿದ್ದಾರೆ. ಕೆಲವು ದಿನ ಅವನು ಅವಳ ಕೈಯಿಂದ ಊಟ ಮಾಡಲಿಲ್ಲ. ನನ್ನ ಹೆಂಡತಿ ಹೋಗಿ ತಿನ್ನಿಸಿ ಬರುತ್ತಿದ್ದಳು. ಗೋಡೆಯ ಈ ಕಡೆ ಕೂತ ನಾನು ಆಗಲೂ ಎದ್ದು ಹೋಗಿ ವಿಷಯ ಹೀಗೆ ಎನ್ನಲಿಲ್ಲ. ಒಂದು ಮಧ್ಯಾಹ್ನ ಅವರ ಮಾತು ನನ್ನ ಹೆಂಡತಿಯ ಕಿವಿಗೆ ಬಿತ್ತು.

"ಬಿಡುಪು ಕೇಳಿದ್ಯಂತಲ್ಲ. ಯಾರ್ನ ಕಟ್ಕೊಂತೀಯ?" ಎಂದು ಅವನು.

"ನಿದ್ದೇನ," ಎಂದು ಅವಳು.

ಆಮೇಲೆ ಅವನು ಅನ್ನ ತರಲು ಹೇಳಿದನಂತೆ.

ಐಪ್ಪಸಿ ತಿಂಗಳ ಮಳೆಯ ಹೊತ್ತಿಗೆ ಅವಳ ಬಲ ಹೆಗಲು ಹೋಯಿತು. ಅವನನ್ನು ಕುರ್ಚಿಯಿಂದ ಮಂಚಕ್ಕೆ ಎತ್ತಿ ಹಾಕುವಾಗ ಒಳಗೆ ಏನೋ ಹರಿದ ಹಾಗಾಯಿತು ಎಂದಳು. ಅವನನ್ನು ನೆಲಕ್ಕೆ ಬೀಳಿಸದೆ ಮಂಚಕ್ಕೆ ಹಾಕಿಯೇ ಕೂಗಿದ್ದು. ತೇನಿಯ ಡಾಕ್ಟರು ಫೋಟೋ ತೆಗೆಸಿ, ನರ ಹರಿದಿದೆ, ಬಹಳ ದಿನದಿಂದ ಸವೆಯುತ್ತಿತ್ತು, ಆಗಲೇ ಸ್ವಲ್ಪ ಬಿಡುವು ಕೊಟ್ಟಿದ್ದರೆ ಉಳಿಯುತ್ತಿತ್ತೋ ಏನೋ, ಇನ್ನು ಭಾರ ಎತ್ತಬಾರದು ಎಂದರು. ನಾನು ಜೊತೆಗೆ ಹೋಗಿದ್ದೆ. ಡಾಕ್ಟರು ಅದನ್ನು ಹೇಳಿದ್ದು ನನ್ನ ಮುಖ ನೋಡಿಕೊಂಡೇ, ಗಂಡಸರಿಗೆ ಹೇಳುವ ರೂಢಿ. ಅಂದಿನಿಂದ ಅವಳು ತಲೆ ಬಾಚಿಕೊಳ್ಳಲು ನನ್ನ ಹೆಂಡತಿಯ ಹತ್ತಿರ ಬಂದು ಕೂರುತ್ತಾಳೆ. ಕೈ ಭುಜದ ಮೇಲಕ್ಕೆ ಏಳುವುದಿಲ್ಲ.

ಆಂಡಿಪಟ್ಟಿಯಿಂದ ಒಬ್ಬ ಗಟ್ಟಿ ಆಳನ್ನು ಕರೆತಂದು ಬೆಳಿಗ್ಗೆ, ಸಂಜೆ ಬರುವಂತೆ ನಾನೇ ಏರ್ಪಾಡು ಮಾಡಿದೆ. ಅವನಿಗೆ ಈ ಕೆಲಸ ಗೊತ್ತಿತ್ತು. ಅವನು ಬಂದ ಮೇಲೆ ಗೋಡೆಯ ಆ ಕಡೆಯ ಸದ್ದು ಅರ್ಧ ಕಡಿಮೆಯಾಯಿತು. ಇಷ್ಟು ಸುಲಭವಿತ್ತು ಎಂಬುದೇ ನನಗೆ ಕಷ್ಟವಾಯಿತು.

ಮುಂದಿನ ಪಂಗುನಿಯ ಕೂಟಕ್ಕೆ ತಮ್ಮ ಬರುತ್ತೇನೆ ಎಂದ. ಆಂಡಿಪಟ್ಟಿಯವನು ಅವನನ್ನು ಆಟೋದಿಂದ ಇಳಿಸಿ, ಕುರ್ಚಿಯಲ್ಲಿ ಕೂರಿಸಿ, ಛತ್ರದ ಮೆಟ್ಟಿಲ ಮೇಲೆ ಇನ್ನಿಬ್ಬರ ಜೊತೆ ಎತ್ತಿ ಒಳಗೆ ತಂದ. ಜೀಪು ಬಿದ್ದ ಮೇಲೆ ಅವನನ್ನು ಅಲ್ಲಿ ಯಾರೂ ನೋಡಿರಲಿಲ್ಲ. ಎಲ್ಲರೂ ಎದ್ದರು.

"ಕೂತ್ಕೊಳ್ಳಿ, ನಾನೂ ಕೂತೇ ಇದೀನಿ," ಎಂದ ಅವನು. ನಗಬೇಕೋ ಬೇಡವೋ ತಿಳಿಯದೆ ಕೂತರು.

ಅವನ ಸರದಿ ಬಂದಾಗ ಜೋರಾಗಿ ಹೇಳಿದ: "ನಂಗೆ ಬಿಡುಪು ಬೇಕು."

ಮಾವ ಕನ್ನಡಕ ತೆಗೆದ. "ಅಡ, ಈಗ ನೀನಾ?"

"ಹೆಂಡ್ತೀನಲ್ಲ ಮಾವ, ಕಟ್ಲನ್ನ, ಆ ಮಂಚಾನ ಬಿಡಬೇಕು. ಅವಳ್ನ ಕಟ್ಕೊಂಡಿದ್ದಕ್ಕಿಂತ ಜಾಸ್ತಿ ಅದನ್ನ ಕಟ್ಕೊಂಡಿದೀನಿ."

ಈ ಸಲದ ನಗೆ ಬೇರೆ ತರಹ ಇತ್ತು. ಅದು ಮುಗಿಯುವವರೆಗೆ ಕಾದು, ಇನ್ನು ನಾನು ತಮಿಳಲ್ಲಿ ಹೇಳುತ್ತೇನೆ, ದಂಡ ಹಾಕಿಕೊಳ್ಳಿ, ನಮ್ಮ ಮಾತಲ್ಲಿ ಹೇಳಿದರೆ ನಿಮಗೆ ಅರ್ಥವಾಗುವುದಿಲ್ಲ ಎಂದ. ವಿಡುಪ್ಪು ಎಂದರೇನು ಎಂಬುದನ್ನು ವಿವರಿಸಿದ. ಅವಳು ಎತ್ತಿ ಎತ್ತಿ ಸೋತಿದ್ದಾಳೆ, ನಾನು ಎತ್ತಿಸಿಕೊಂಡು ಎತ್ತಿಸಿಕೊಂಡು ಸೋತಿದ್ದೇನೆ ಎಂದ. ಯಾರೂ ಕರೆಯದ ಜಾಗದಲ್ಲಿ ಅವಳಿರಬೇಕು. ಚೀಲ ಬದಲಿಸು ಎನ್ನುವ ಮೊದಲು ಇನ್ನೊಬ್ಬರ ಮುಖದಲ್ಲಿ ಎಷ್ಟು ಆಯಾಸ ಇದೆ ಎಂದು ಲೆಕ್ಕ ಹಾಕದ ಜಾಗದಲ್ಲಿ ತಾನಿರಬೇಕು. ಹೋಂ ಎಂದು ಮಂಚದ ಪಕ್ಕ ಮಂಚ ಹಾಕಿ ಮಲಗಿಸುವ ಕಡೆ ಕಳಿಸಿದರೆ ಅದು ರಜೆಯಲ್ಲ, ಇನ್ನೊಂದು ಆಸ್ಪತ್ರೆ. ತನಗೆ ಬೋಡಿಮೆಟ್ಟು ಬೇಕು. ಮೇಲೆ ಹೋಗಿ ಮಂಜು ನೋಡಬೇಕು. ಯಾವ ಜೀಪು ಯಾವ ಗೇರಿನಲ್ಲಿ ಹತ್ತುತ್ತಿದೆ ಎಂದು ಕೂತು ಕೇಳಬೇಕು.

ಇಷ್ಟು ಹೇಳಿ ನೀರು ಕೇಳಿದ. ಒಬ್ಬ ಮುದುಕ, "ಇದಕ್ಕೆಲ್ಲ ಮಗಮೆ ಕೊಟ್ರೆ ನಾಳೆ ನಂಗೂ ಊಟಿ ಬೇಕು ಅಂತಾರೆ," ಎಂದ. "ನಿಂಗೆ ಯಾವಾಗ್ಲೂ ವಿಡುಪ್ಪೇ ಅಲ್ವಾ," ಎಂದು ಅವನ ಹೆಂಡತಿ ಹೆಂಗಸರ ಕಡೆಯಿಂದ ಕೂಗಿದಳು. ಮಾವ ನನ್ನನ್ನು ನೋಡಿದ. ನಾನು ಎದ್ದು, ಕನ್ನಡದಲ್ಲಿ ಅದಕ್ಕೆ ರಜೆ ಎನ್ನುತ್ತಾರೆ, ಇಬ್ಬರಿಗೂ ಕೊಡಬೇಕು ಎಂದೆ. ಒಪ್ಪಿಗೆಯಾಯಿತು. ಹಿಂದಿನ ವರ್ಷ ನನಗೆ ಅರ್ಥ ಗೊತ್ತಿತ್ತು ಎಂದು ಮಾತ್ರ ಹೇಳಲಿಲ್ಲ. ಎಲ್ಲರೂ ಆ ಕೂಟವಿಡೀ ಅದನ್ನು ಅವಳ ತಪ್ಪು ಮಾತು ಎಂದೇ ತಿಳಿದಿದ್ದರು.

ಬೋಡಿಮೆಟ್ಟಿನಲ್ಲಿ ನಮ್ಮವರೊಬ್ಬರ ತೋಟದ ಕೋಣೆ ಸಿಕ್ಕಿತು, ಮೆಟ್ಟಿಲಿಲ್ಲದ್ದು. ಆಂಡಿಪಟ್ಟಿಯವನು ಹಗಲು ರಾತ್ರಿ ಜೊತೆಗಿರುವುದು ಎಂದಾಯಿತು. ನಾನೂ ಬರುತ್ತೇನೆ ಎಂದೆ. ಹುಣ್ಣು ಒರೆಸುವುದನ್ನು ಅಷ್ಟರಲ್ಲಿ ಕಲಿತಿದ್ದೆ, ಕಣ್ಣು ಮುಚ್ಚದೆ.

"ನೀ ಬೇಡ ಅಣ್ಣಾ."

"ಯಾಕೋ?"

"ನೀ ಬಂದ್ರೆ ನಿನ್ ಮುಖ ನೋಡ್ಕೊಂಡು ಕೂರಬೇಕು. ಒಂದು ವರ್ಷದಿಂದ ಯಾರೋ ಸತ್ತ ಮನೆಯೋನ ಹಾಗೆ ಇದೀಯ. ಆಂಡಿಪಟ್ಟಿಯೋನ್ನ ನೋಡು, ಕೆಲಸ ಮಾಡ್ತಾನೆ, ಆಮೇಲೆ ಫೋನಲ್ಲಿ ಸಿನಿಮಾ ಪಾಟು ಕೇಳ್ತಾನೆ."

ಅವಳು ನಿಲಕ್ಕೋಟ್ಟೈ ಪಕ್ಕದ ಹಳ್ಳಿಗೆ, ಅಕ್ಕನ ಮನೆಗೆ ಹೋದಳು. ಅವರದು ಮಲ್ಲಿಗೆ ತೋಟ. ಅವಳು ಹುಟ್ಟಿದ್ದೂ ಅಂಥ ಮನೆಯಲ್ಲೇ. ಮಲ್ಲಿಗೆ ಗಿಡ ಸೊಂಟದೆತ್ತರ, ಕೊಯ್ಯಲು ಕೈ ಮೇಲೆತ್ತಬೇಕಾಗಿಲ್ಲ. ಬೆಳಗಿನ ಜಾವ ಎಲ್ಲರ ಜೊತೆ ಎದ್ದು ಒಂದಿಷ್ಟು ಮೊಗ್ಗು ಬಿಡಿಸಿ ಮತ್ತೆ ಹೋಗಿ ಮಲಗುತ್ತಾಳೆ, ಬಿಸಿಲೇರುವವರೆಗೆ ಎಬ್ಬಿಸುವುದಿಲ್ಲ ಎಂದು ಅವಳ ಅಕ್ಕ ನನ್ನ ಹೆಂಡತಿಗೆ ಫೋನಿನಲ್ಲಿ ಹೇಳಿದಳು.

ಎರಡೂ ಮನೆಯ ನಡುವಿನ ಗೋಡೆ ಅಷ್ಟು ಸುಮ್ಮನಿದ್ದದ್ದನ್ನು ನಾನು ಕಂಡಿರಲಿಲ್ಲ. ಒಂದು ಬೆಳಿಗ್ಗೆ ಸ್ನಾನ ಮಾಡಿ, ಬಿಳಿ ಪಂಚೆ ಉಟ್ಟು, ಎಲ್ಲಿಗೆ ಎಂದು ಹೆಂಡತಿಗೂ ಹೇಳದೆ ಬಸ್ಸು ಹತ್ತಿದೆ. ನಿಲಕ್ಕೋಟ್ಟೈಗೆ ಹೋಗಿ ಅವಳಿಗೆ ನಿಜ ಹೇಳಿ ಬರುವುದು ಎಂದು. ಬತ್ತಲಗುಂಡಿನಲ್ಲಿ ಬಸ್ಸು ಬದಲಿಸಬೇಕು. ಅಲ್ಲಿ ನಿಂತು ತಮ್ಮನಿಗೆ ಫೋನ್ ಮಾಡಿದೆ. ಅವಳಿರುವ ಹಳ್ಳಿಗೆ ಯಾವ ಕಡೆ ಇಳಿಯಬೇಕು ಎಂದು ಕೇಳಲು.

"ಏನಕ್ಕೆ ಓಗ್ತಿದೀಯ?"

"ಅವಳಿಗೊಂದು ಮಾತು ಹೇಳಬೇಕು." ಅಲ್ಲೇ, ಬಸ್ಸುಗಳ ನಡುವೆ, ಅವನಿಗೆ ಎಲ್ಲವನ್ನೂ ಹೇಳಿದೆ. ಮಾವ ಕೇಳಿದ್ದು, ನಾನು ಉತ್ತರ ಕೊಟ್ಟದ್ದು, ಆಗ ನನಗೆ ಗೊತ್ತಿದ್ದದ್ದು.

ಅವನು ಬೈಯುತ್ತಾನೆ ಎಂದುಕೊಂಡಿದ್ದೆ. ಫೋನಿನಲ್ಲಿ ಘಟ್ಟದ ಗಾಳಿ ಕೇಳಿಸುತ್ತಿತ್ತು.

"ಅಣ್ಣಾ, ನೀ ಓಗಿ ಬಾಗಿಲಲ್ಲಿ ನಿಂತ್ರೆ ಮಲಗಿರೋಳು ಏಳಬೇಕು. ಸೆರಗು ಸರಿ ಮಾಡ್ಕೊಬೇಕು. ಕಾಪಿ ಹಾಕಬೇಕು. ನೀ ಅಳ್ತೀಯ. ಅವಳು, ಪರವಾಯಿಲ್ಲ ಬಾವ, ಅನ್ನಬೇಕು. ನೀ ಹಗುರಾಗಿ ಬಸ್ ಹತ್ತಿ ಬತ್ತೀಯ. ಅವಳ ರಜೆ ಏನಾಯ್ತು?"

ನಾನು ನಿಲಕ್ಕೋಟ್ಟೈ ಬಸ್ಸಿನ ಬಾಗಿಲಿನಿಂದ ಈಚೆಗೆ ಸರಿದೆ.

"ಅವಳಿಗೆ ಇರೋದೇ ನಾಲ್ಕು ದಿವ್ಸ ಬಾಕಿ. ಅದನ್ನೂ ನೀನೇ ತಗೊಂತೀಯಾ? ಮನೆಗೆ ಓಗು."

ತೇನಿಯ ಬಸ್ಸು ಎದುರಿಗೇ ನಿಂತಿತ್ತು. ಹತ್ತಿ ಮನೆಗೆ ಬಂದೆ.

ಅವರಿಬ್ಬರೂ ಬಂದ ಮೇಲೆ, ಒಂದು ವಾರ ಕಳೆದು, ಅವಳು ತಲೆ ಬಾಚಿಸಿಕೊಳ್ಳಲು ಬಂದಿದ್ದಾಗ ಹೇಳಿದೆ. ನನ್ನ ಹೆಂಡತಿಗೂ ಅದು ಹೊಸ ಸುದ್ದಿ, ಬಾಚಣಿಗೆ ಹಿಡಿದ ಕೈ ನಿಂತಿತು. ಅವಳು ನನ್ನ ಕಡೆ ತಿರುಗಲಿಲ್ಲ.

"ಅಕ್ಕ, ಬಾವ ಇದನ್ನ ನಂಗ್ಯಾಕೆ ಯೇಳ್ತಾರೆ? ನಾ ಏನ್ ಕೇಳ್ದೆ ಅಂತ ನಂಗ್ ಗೊತ್ತಿತ್ತಲ್ಲ. ಗೊತ್ತಿಲ್ದೋರು ಅಲ್ಲಿ ಕೂತಿದ್ರು. ಇವರು ಕೂಟದಲ್ಲಿ ಯೇಳಿದ್ ಮೇಲೂ ಬಸ್ಸಲ್ಲಿ ಸಿಕ್ಕಿದ್ರೆ ತಾಳಿ ನೋಡ್ತಾರೆ. ಅವರಿಗೆ ಯೇಳಕ್ಕೆ ಯೇಳು."

"ಅವರಿಗೆ ಹೇಳಬೇಕಂತೆ," ಎಂದಳು ನನ್ನ ಹೆಂಡತಿ. ಈ ಸಲ ಜೋರಾಗಿ ಹೇಳಲಿಲ್ಲ.

"ಮತ್ತೆ, ಬರೋ ವರ್ಷವೂ ರಜೆ ಐತಾ ಅಂತ ಕೇಳು."

ಐತೆ ಎಂದೆ. ಐತೆ ಎನ್ನಲು ಕೂಟ ಒಪ್ಪಬೇಕು, ಆದರೂ ಎಂದುಬಿಟ್ಟೆ. ಆಮೇಲೆ ಮಾವನ ಮನೆಗೆ, ಬೋಡಿಯ ವ್ಯಾಪಾರಿಗಳ ಮನೆಗಳಿಗೆ ಹೋಗಿ, ಇದು ಒಬ್ಬರಿಗೆ ಒಮ್ಮೆ ಕೊಡುವ ಸಹಾಯವಾಗಬಾರದು, ಮಂಚ ಹಿಡಿದವರು, ಅವರನ್ನು ನೋಡಿಕೊಳ್ಳುವವರು ನಮ್ಮಲ್ಲಿ ಎಲ್ಲೆಲ್ಲಿದ್ದಾರೋ ಅವರಿಗೆಲ್ಲ ವರ್ಷಕ್ಕೊಮ್ಮೆ ಕೂಟದಲ್ಲಿ ನಿಂತು ಕೇಳದೆಯೇ ರಜೆ ಸಿಗಬೇಕು, ಎಲ್ಲಿಗೆ ಹೋಗಬೇಕೆಂದು ಅವರೇ ಹೇಳಬೇಕು ಎಂದು ಒಪ್ಪಿಸಿದೆ. ಬಹಳ ಹಟ ಮಾಡಿದವರು ಅಂದು ಛತ್ರಕ್ಕೆ ಹೊಸ ಪಾತ್ರೆ ಬೇಕೆಂದು ಕೇಳಿದ್ದವರು. ಅವರೂ ಕೊನೆಗೆ ಒಪ್ಪಿದರು. ಅವರ ಅತ್ತೆ ಆ ವರ್ಷ ಹಾಸಿಗೆ ಹಿಡಿದಿದ್ದರು.

ಈ ವರ್ಷದ ಕೂಟದಲ್ಲಿ ಊಟಕ್ಕೆ ಮೊದಲು ನಾನು ಎದ್ದು ನಿಂತೆ. ಎರಡು ವರ್ಷದ ಹಿಂದೆ ಆ ಹೆಣ್ಣುಮಗಳು ಕೇಳಿದ್ದು ರಜೆ, ಅದು ನನಗೆ ಆಗಲೇ ಗೊತ್ತಿತ್ತು, ಗೊತ್ತಿದ್ದೂ ನಿಮ್ಮ ಜೊತೆ ನಕ್ಕೆ, ಅವಳ ಕೈ ಹೋದದ್ದು ಆ ವರ್ಷ ಎಂದೆ. ಇನ್ನು ಮಗಮೆ ಬೇರೆಯವರು ನೋಡಿಕೊಳ್ಳಲಿ ಎಂದೆ. ಯಾರೂ ನಗಲಿಲ್ಲ, ಯಾರೂ ಬೈಯಲೂ ಇಲ್ಲ. ಮಾವ, "ನಾನೂ ನಕ್ಕಿದ್ನಲ್ಲಪ್ಪಾ," ಎಂದ. ಆಮೇಲೆ, "ಸರಿ, ಕೂತ್ಕೋ," ಎಂದ.

ಹೆಂಗಸರ ಕಡೆಯಿಂದ ನನ್ನ ಹೆಂಡತಿ ಫೋನ್ ಹಿಡಿದುಕೊಂಡು ಎದ್ದು ಬಂದಳು. ತಮ್ಮನ ಹೆಂಡತಿ ಛತ್ರದಲ್ಲಿರಲಿಲ್ಲ. ಈ ವರ್ಷದ ರಜೆ ಅವಳು ಮಲ್ಲಿಗೆಯ ಕಾಲ ನೋಡಿ ಹಾಕಿದ್ದಳು, ನಿಲಕ್ಕೋಟ್ಟೈಯಲ್ಲಿದ್ದಳು. ಬಾವ ಎಲ್ಲರ ಮುಂದೆ ಹೇಳಿದರು ಎಂದು ತಿಳಿಸೋಣ ಎಂದು ನನ್ನ ಹೆಂಡತಿ ಕರೆ ಮಾಡಿದಳು. ಆ ಕಡೆ ಗಂಟೆ ಬಹಳ ಹೊತ್ತು ಹೊಡೆಯಿತು. ಯಾರೂ ಎತ್ತಲಿಲ್ಲ.

ಇನ್ನೊಮ್ಮೆ ಮಾಡಲು ಹೊರಟಳು. ಬೇಡ ಎಂದೆ.